ಶೋಕಕ್ಕೆ ದೊರೆತ ನುಡಿ: ಧರ್ಮಸಭೆಯ ಚರಿತ್ರೆಯಲ್ಲಿ ಕಣ್ಣೀರಿನ ಸ್ಥಾನ

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಮ್ಮ ಧರ್ಮಕೇಂದ್ರದ ಸ್ಥಾಪನೆ, ದೇವಾಲಯದ ನಿರ್ಮಾಣ, ಶಾಲೆಯ ಬೆಳವಣಿಗೆ, ಇಲ್ಲಿ ಸೇವೆ ಸಲ್ಲಿಸಿದ ಪೂಜ್ಯ ಗುರುಗಳ ಪರಂಪರೆ ಇವುಗಳನ್ನು ಕುರಿತು ಬಲ್ಲವರು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬರೆದಿರುತ್ತಾರೆ. ನಾವು ಆರಿಸಿಕೊಂಡ ವಿಷಯವು ಉತ್ಸವದ ಸಂಭ್ರಮಕ್ಕೆ ಒಗ್ಗುವಂಥದಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ನೂರು ವರ್ಷಗಳ ಬಾಳನ್ನು ನೆನೆಯುವಾಗ ಆ ಅವಧಿಯಲ್ಲಿ ನಮ್ಮನ್ನು ಅಗಲಿದವರನ್ನೂ, ಅವರಿಗಾಗಿ ಅತ್ತವರನ್ನೂ ಮರೆಯುವುದು ಹೇಗೆ? ಸಂಭ್ರಮದ ದಿನವೇ ಅಗಲಿದವರ ನೆನಪು ಹೆಚ್ಚಾಗಿ ಕಾಡುವುದೆಂಬುದು ಮದುವೆಯ ಮನೆಯಲ್ಲಿ ಅಜ್ಜಿಯಂದಿರು ಸೆರಗಿನಿಂದ ಕಣ್ಣೊರಸಿಕೊಳ್ಳುವುದನ್ನು ಕಂಡವರಿಗೆಲ್ಲ ತಿಳಿದ ಸಂಗತಿ.

ಪೂಜ್ಯ ಗುರುಗಳ ಅಪ್ಪಣೆ ಪಡೆದು ನಾವು ದೇವಾಲಯದ ಮರಣ ದಾಖಲೆ ಪುಸ್ತಕಗಳನ್ನು ತೆರೆದು ನೋಡಿದೆವು. ಮೊದಲ ಹಲವು ದಶಕಗಳ ಬರವಣಿಗೆ ಲತೀನ್ ಭಾಷೆಯಲ್ಲಿದೆ. ಅಕ್ಷರಗಳು ಮುದ್ದಾಗಿವೆ; ಮಸಿ ಕಂದು ಬಣ್ಣಕ್ಕೆ ತಿರುಗಿದೆ. ಇಂಥ ಪುಸ್ತಕವನ್ನು ಇಡುವ ಕ್ರಮ ಹೊಸದಲ್ಲ. ಪೋಪ್ ಐದನೆಯ ಪೌಲರ ಆಳ್ವಿಕೆಯಲ್ಲಿ, 1614ರಲ್ಲಿ ಪ್ರಕಟವಾದ ರೋಮನ್ ಸಂಸ್ಕಾರವಿಧಿಯ ಗ್ರಂಥವು ಪ್ರತಿಯೊಂದು ಧರ್ಮಕೇಂದ್ರದ ಗುರುವೂ ಐದು ಪುಸ್ತಕಗಳನ್ನು ಇಡಬೇಕೆಂದು ವಿಧಿಸಿ, ಒಂದೊಂದಕ್ಕೂ ಮಾದರಿಯನ್ನು ಕೊಟ್ಟಿತು. ಜ್ಞಾನಸ್ನಾನ ಪಡೆದವರದು ಒಂದು, ದೃಢೀಕರಣ ಪಡೆದವರದು ಒಂದು, ವಿವಾಹಿತರದು ಒಂದು, ಮನೆಮನೆಯ ವಿವರದ್ದು ಒಂದು, ಮೃತರದು ಕೊನೆಯದು. ಮೃತರ ಪುಸ್ತಕದಲ್ಲಿ ಹೆಸರು, ತಂದೆತಾಯಿ, ವಯಸ್ಸು, ಮರಣದ ದಿನ, ಪಾಪನಿವೇದನೆ ಮಾಡಿದರೇ, ಕೊನೆಯ ಪ್ರಸಾದವನ್ನೂ ಅಭ್ಯಂಗವನ್ನೂ ಪಡೆದರೇ, ಮಣ್ಣು ಮಾಡಿದ್ದು ಎಲ್ಲಿ ಎಂಬಿಷ್ಟೇ ಇರುತ್ತದೆ. ಒಂದು ಬದುಕಿಗೆ ನಾಲ್ಕು ಸಾಲು. ಆತ್ಮದ ಲೆಕ್ಕಕ್ಕೆ ಬೇಕಾದುದೆಲ್ಲ ಅಲ್ಲಿದೆ. ಅಂದು ಆ ಮನೆಯಲ್ಲಿ ಅತ್ತವರು ಯಾರು, ಏನೆಂದು ಹೇಳಿಕೊಂಡು ಅತ್ತರು ಎಂಬುದಕ್ಕೆ ಅಲ್ಲಿ ಸ್ಥಳವಿಲ್ಲ. ಗುರುಗಳನ್ನು ದೂರುತ್ತಿಲ್ಲ, ಪುಸ್ತಕದ ಉದ್ದೇಶವೇ ಬೇರೆ. ಆದರೂ ಪುಟ ತಿರುವುತ್ತ ಹೋದಂತೆ ಆ ಅಳು ಎಲ್ಲಿ ಹೋಯಿತೆಂಬ ಪ್ರಶ್ನೆ ನಮ್ಮನ್ನು ಬಿಡಲಿಲ್ಲ.

ಬಿಡದಿರುವುದಕ್ಕೆ ನಮ್ಮದೇ ಒಂದು ಕಾರಣವೂ ಉಂಟು. ಬಹಳ ವರ್ಷಗಳ ಹಿಂದೆ, ನಾವು ಉಪದೇಶಿಯಾಗಿ ಕೆಲಸ ಮಾಡುತ್ತಿದ್ದಾಗ, ಒಂದು ಹಳ್ಳಿಯ ಮನೆಯಲ್ಲಿ ನಾಲ್ಕು ವರ್ಷದ ಗಂಡುಮಗು ಜ್ವರದಿಂದ ತೀರಿಕೊಂಡಿತು. ಗುರುಗಳು ಬರುವುದು ತಡವಾಯಿತು. ತಾಯಿ ಮಗುವಿನ ತಲೆದೆಸೆಯಲ್ಲಿ ಕುಳಿತು, ಮೈಯನ್ನು ಹಿಂದುಮುಂದಾಗಿ ತೂಗುತ್ತ, ರಾಗವೆಳೆದು ಹೇಳಿಕೊಂಡು ಅಳುತ್ತಿದ್ದಳು. ಮಗು ಕೇಳಿದ್ದ ತಿಂಡಿ, ಸಂತೆಯಿಂದ ತಂದಿದ್ದ ಕೆಂಪು ಅಂಗಿ, ಹಿಂದಿನ ದಿನ ಅದನ್ನು ತಾನು ಗದರಿದ್ದು, ಒಂದೊಂದೂ ಆ ಹಾಡಿನಲ್ಲಿ ಬರುತ್ತಿತ್ತು. ನೆರೆದವರಿಗೆ ಕೇಳಲಾಗುತ್ತಿರಲಿಲ್ಲ. ಆಗ ನಾವು ಮುಂದೆ ಹೋಗಿ, “ಅಳಬೇಡ ತಾಯಿ, ನಿನ್ನ ಮಗು ದೇವದೂತನಾಗಿದ್ದಾನೆ, ನೀನು ಅತ್ತರೆ ಅವನಿಗೆ ನೋವಾಗುತ್ತದೆ” ಎಂದು ಹೇಳಿ, ಗಟ್ಟಿಯಾದ ದನಿಯಲ್ಲಿ ಜಪಸರವನ್ನು ಆರಂಭಿಸಿದೆವು. ಎಲ್ಲರೂ ದನಿಗೂಡಿಸಿದರು. ಆಕೆ ಸುಮ್ಮನಾದಳು. ಒಳ್ಳೆಯ ಕೆಲಸ ಮಾಡಿದೆವೆಂದೇ ಅಂದು ನಾವು ಭಾವಿಸಿದ್ದೆವು. ಆಕೆ ಬಾಯಿಗೆ ಸೆರಗು ಒತ್ತಿಕೊಂಡು ನಮ್ಮನ್ನು ನೋಡಿದ ನೋಟ ಮಾತ್ರ ನಮ್ಮ ಮನಸ್ಸಿನಿಂದ ಇಂದಿಗೂ ಮಾಸಿಲ್ಲ.

ವಿಶ್ವಾಸಿಯಾದವನು ಅಳಬಾರದು, ಅತ್ತರೆ ಪುನರುತ್ಥಾನದಲ್ಲಿ ನಂಬಿಕೆ ಇಲ್ಲವೆಂದಾಗುತ್ತದೆ ಎಂಬ ಮಾತು ನಮ್ಮಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ಇದು ನಿಜವಾಗಿಯೂ ಧರ್ಮಸಭೆಯ ಉಪದೇಶವೇ? ಇದನ್ನು ತಿಳಿಯಲು ಹಳೆಯ ಗ್ರಂಥಗಳ ಮೊರೆಹೋದೆವು. ಕಂಡದ್ದನ್ನು ಓದುಗ ಬಾಂಧವರ ಮುಂದಿಡುತ್ತೇವೆ.

ಪವಿತ್ರ ಗ್ರಂಥದಿಂದಲೇ ಆರಂಭಿಸೋಣ. ಅರಸ ಸೌಲನೂ ಅವನ ಮಗ ಯೋನಾತಾನನೂ ಗಿಲ್ಬೋವ ಬೆಟ್ಟದ ಯುದ್ಧದಲ್ಲಿ ಮಡಿದರೆಂಬ ಸುದ್ದಿ ಬಂದಾಗ ದಾವೀದನು ಒಂದು ಶೋಕಗೀತವನ್ನು ರಚಿಸಿ, ಅದನ್ನು ಯೆಹೂದ ಕುಲದವರಿಗೆಲ್ಲ ಕಲಿಸಬೇಕೆಂದು ಆಜ್ಞಾಪಿಸಿದನು. ಯೋನಾತಾನನು ಅವನ ಪ್ರಾಣಸ್ನೇಹಿತ, ಸರಿ. ಆದರೆ ಸೌಲನು ಅವನನ್ನು ಕಾಡುಮೇಡುಗಳಲ್ಲಿ ಬೇಟೆಯಾಡಿದವನು. ಆ ಹಗೆತನದ ಒಂದು ಮಾತೂ ಗೀತದಲ್ಲಿ ಇಲ್ಲ. ಕನ್ನಡಿಗರಾದ ನಮಗೆ ಇಲ್ಲಿ ರನ್ನನ ನೆನಪಾಗದಿರದು. ಹತ್ತನೆಯ ಶತಮಾನದ ಆ ಮಹಾಕವಿಯು ತನ್ನ ಗದಾಯುದ್ಧದಲ್ಲಿ ದುರ್ಯೋಧನನನ್ನು ಹೆಣಗಳ ನಡುವೆ ನಡೆಸುತ್ತಾನೆ. ಅರಸನು ಗುರು ದ್ರೋಣನಿಗಾಗಿ, ತಮ್ಮ ದುಶ್ಶಾಸನನಿಗಾಗಿ, ಮಗ ಲಕ್ಷಣಕುಮಾರನಿಗಾಗಿ, ಗೆಳೆಯ ಕರ್ಣನಿಗಾಗಿ ಮರುಗುತ್ತಾನೆ. ನಡುವೆ ಶತ್ರುವಿನ ಮಗನಾದ ಅಭಿಮನ್ಯುವಿನ ಶವದ ಮುಂದೆಯೂ ನಿಂತು ಕೈಮುಗಿಯುತ್ತಾನೆ. ಸಾವಿನ ಮುಂದೆ ಪಕ್ಷವಿಲ್ಲವೆಂಬುದನ್ನು ಇಬ್ಬರು ಕವಿಗಳೂ ಬಲ್ಲವರಾಗಿದ್ದರು.

ಇದೇ ದಾವೀದನ ಸ್ವಂತ ಮಗ ಅಬ್ಷಾಲೋಮನು ತಂದೆಯ ಮೇಲೆಯೇ ದಂಗೆಯೆದ್ದು ಹತನಾದಾಗ ಏನಾಯಿತು? ಆಗ ಗೀತವಿಲ್ಲ, ಛಂದಸ್ಸಿಲ್ಲ. ಊರಬಾಗಿಲಿನ ಮೇಲಿನ ಕೋಣೆಗೆ ಏರಿಹೋಗುತ್ತ ಮುದಿ ತಂದೆಯು ಮಗನ ಹೆಸರನ್ನೂ ಮಗನೇ ಎಂಬ ಕರೆಯನ್ನೂ ಮತ್ತೆ ಮತ್ತೆ ಹೇಳುತ್ತಾನೆ, ಅವನಿಗೆ ಬದಲಾಗಿ ತಾನೇ ಸಾಯಬಾರದಿತ್ತೇ ಎನ್ನುತ್ತಾನೆ, ಅಷ್ಟೆ. ಸೇನಾಪತಿ ಯೋವಾಬನು ಬಂದು ಅವನ ಅಳುವನ್ನು ನಿಲ್ಲಿಸುತ್ತಾನೆ. ಪ್ರಜೆಗಳ ಮುಂದೆ ಅರಸನು ಹೀಗೆ ಅಳಬಾರದೆಂಬುದು ಅವನ ವಾದ. ರಾಜ್ಯಕಾರಣದ ದೃಷ್ಟಿಯಿಂದ ಯೋವಾಬನು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಇಂದು ಆ ಅಧ್ಯಾಯವನ್ನು ಓದಿದವರು ಯೋವಾಬನ ಮಾತನ್ನು ಮರೆತುಬಿಡುತ್ತಾರೆ.

ಒಬ್ಬನ ದುಃಖದಿಂದ ಒಂದು ನಾಡಿನ ದುಃಖಕ್ಕೆ ಬಂದರೆ, ಕ್ರಿಸ್ತಪೂರ್ವ 587ರ ಸುಮಾರಿಗೆ ಬಾಬಿಲೋನಿನ ಸೈನ್ಯವು ಜೆರುಸಲೇಮನ್ನು ಸುಟ್ಟು ದೇವಾಲಯವನ್ನು ಕೆಡವಿದ ಮೇಲೆ ಹುಟ್ಟಿದ ಪ್ರಲಾಪಗಳ ಗ್ರಂಥವನ್ನು ನೋಡಬೇಕು. ಅದರಲ್ಲಿ ಐದು ಅಧ್ಯಾಯಗಳಿವೆ. ಮೊದಲ ನಾಲ್ಕು ಅಕ್ಷರಮಾಲೆಯ ಕ್ರಮದಲ್ಲಿ ರಚಿತವಾದವು. ಹೀಬ್ರೂ ಭಾಷೆಯ 22 ಅಕ್ಷರಗಳಲ್ಲಿ ಒಂದೊಂದರಿಂದ ಒಂದೊಂದು ವಚನ ಆರಂಭವಾಗುತ್ತದೆ. ಮೂರನೆಯ ಅಧ್ಯಾಯದಲ್ಲಿ ಅಕ್ಷರಕ್ಕೆ ಮೂರರಂತೆ 66 ವಚನಗಳು. ನಾವು ಅಕಾರದಿಂದ ಳಕಾರದವರೆಗೆ ವರ್ಣಮಾಲೆಯ ಒಂದಕ್ಷರವನ್ನೂ ಬಿಡದೆ ಅತ್ತಂತೆ! ಐದನೆಯ ಅಧ್ಯಾಯದಲ್ಲಿಯೂ ವಚನಗಳು 22 ಇವೆ, ಆದರೆ ಅಕ್ಷರದ ಕ್ರಮವಿಲ್ಲ; ಅಷ್ಟು ಹೊತ್ತಿಗೆ ಅಳುವವನ ಶಕ್ತಿ ಉಡುಗಿತೇನೋ ಎನ್ನಿಸುತ್ತದೆ. 1882ರಲ್ಲಿ ಜರ್ಮನ್ ವಿದ್ವಾಂಸ ಕಾರ್ಲ್ ಬುಡ್ಡೆ ಎಂಬವರು ಈ ಗೀತಗಳ ನಡೆಯನ್ನು ಪರಿಶೀಲಿಸಿ, ಸಾಲಿನ ಮೊದಲರ್ಧ ಉದ್ದ, ಎರಡನೆಯದು ಗಿಡ್ಡ, ಮೂರು ಹೆಜ್ಜೆಗೆ ಎರಡು ಹೆಜ್ಜೆ ಎಂಬ ಲಯವನ್ನು ಗುರುತಿಸಿದರು. ಹೆಣ ಹೊತ್ತವರ ಹಿಂದೆ ಕುಂಟುತ್ತ ನಡೆಯುವವರ ನಡೆಯಂತೆ ಅದು ಕೇಳಿಸುತ್ತದೆ.

ಈ ಪ್ರಲಾಪಗಳನ್ನು ಧರ್ಮಸಭೆಯು ಪವಿತ್ರ ವಾರದ ಕೊನೆಯ ಮೂರು ದಿನಗಳ ಪ್ರಾರ್ಥನೆಗೆ ತೆಗೆದುಕೊಂಡಿತು. ಮಠಗಳಲ್ಲಿಯೂ ಪ್ರಧಾನಾಲಯಗಳಲ್ಲಿಯೂ ನಡೆಯುತ್ತಿದ್ದ ಆ ಕತ್ತಲೆಯ ಪ್ರಾರ್ಥನೆಯಲ್ಲಿ ತ್ರಿಕೋನಾಕಾರದ ದೀಪಸ್ತಂಭದ ಮೇಲೆ 15 ಮೇಣದಬತ್ತಿಗಳು. ಒಂದೊಂದು ಕೀರ್ತನೆ ಮುಗಿದಂತೆ ಒಂದೊಂದನ್ನು ಆರಿಸುತ್ತ ಬಂದು, ಕೊನೆಯದನ್ನು ಆರಿಸದೆ ಬಲಿಪೀಠದ ಹಿಂದೆ ಮರೆಮಾಡಿ, ತಿರುಗಿ ತರುತ್ತಿದ್ದರು. ಗಾಯಕರು ಲತೀನಿನಲ್ಲಿ ಹಾಡುವಾಗಲೂ ವಚನಗಳ ಮೊದಲಿದ್ದ ಆಲೆಫ್, ಬೇತ್ ಎಂಬ ಹೀಬ್ರೂ ಅಕ್ಷರಗಳ ಹೆಸರನ್ನು ಬಿಡದೆ ರಾಗವಾಗಿ ಹಾಡುತ್ತಿದ್ದರು. ಅರ್ಥವಿಲ್ಲದ ಬರಿಯ ಅಕ್ಷರಕ್ಕೆ ಅಷ್ಟೊಂದು ದೀರ್ಘ ರಾಗ ಏಕೆಂದು ಕೇಳಬಹುದು. ಹೇಳಿಕೊಂಡು ಅಳುವ ಹೆಂಗಸು ಮಾತು ಸಿಕ್ಕುವವರೆಗೆ ಎಳೆಯುವ ದನಿಯನ್ನು ಕೇಳಿದವರು ಹೀಗೆ ಕೇಳಲಾರರು.

ಹೆಂಗಸರ ವಿಷಯ ಬಂದುದರಿಂದ ಇನ್ನೊಂದನ್ನು ಹೇಳಬೇಕು. ಪ್ರವಾದಿ ಯೆರೆಮೀಯನು ತನ್ನ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ಗೋಳಾಡುವ ಕಲೆಯನ್ನು ಬಲ್ಲ ಸ್ತ್ರೀಯರನ್ನು ಕರೆಸಬೇಕೆಂದೂ, ಅವರು ತಮ್ಮ ಹೆಣ್ಣುಮಕ್ಕಳಿಗೂ ನೆರೆಯವರಿಗೂ ಶೋಕಗೀತವನ್ನು ಕಲಿಸಬೇಕೆಂದೂ ಹೇಳುತ್ತಾನೆ. ಅಳುವುದೂ ಒಂದು ವಿದ್ಯೆ; ಅದು ತಾಯಿಯಿಂದ ಮಗಳಿಗೆ ಬರತಕ್ಕದ್ದು. ನಮ್ಮ ಹಳ್ಳಿಗಳಲ್ಲಿ ಆಗುತ್ತಿದ್ದುದೂ ಅದೇ ಅಲ್ಲವೇ?

ಹೊಸ ಒಡಂಬಡಿಕೆಗೆ ಬಂದರೆ, ಲಾಜರನನ್ನು ಎಬ್ಬಿಸುವೆನೆಂದು ತಿಳಿದಿದ್ದೂ ಪ್ರಭು ಯೇಸುವು ಅವನ ಸಮಾಧಿಯ ದಾರಿಯಲ್ಲಿ ಕಣ್ಣೀರಿಟ್ಟರು. ಇನ್ನು ಕೆಲವು ಕ್ಷಣಗಳಲ್ಲಿ ಮೃತನು ಎದ್ದು ಬರುವನೆಂಬ ನಿಶ್ಚಯವಿದ್ದವರಿಗೇ ಅಳು ಬಂದ ಮೇಲೆ, ಕಡೆಯ ದಿನದವರೆಗೆ ಕಾಯಬೇಕಾದ ನಮಗೆ ಬಂದರೆ ಅದನ್ನು ಅವಿಶ್ವಾಸವೆನ್ನುವುದು ಹೇಗೆ? ಸಂತ ಪೌಲರು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ ನಾಲ್ಕನೆಯ ಅಧ್ಯಾಯದ ಮಾತೇ ಅಳಬಾರದೆನ್ನುವವರ ಮುಖ್ಯ ಆಧಾರ. ಆದರೆ ಸಂತ ಅಗಸ್ಟೀನರು ಒಂದು ಪ್ರಬೋಧನೆಯಲ್ಲಿ ಈ ವಾಕ್ಯವನ್ನು ಬಿಡಿಸಿ ತೋರಿಸಿದ್ದಾರೆ. ದುಃಖಿಸಬೇಡಿ ಎಂದು ಪ್ರೇಷಿತರು ಬರಿದೆ ಹೇಳಲಿಲ್ಲ. ನಿರೀಕ್ಷೆಯಿಲ್ಲದವರು ದುಃಖಿಸುವ ರೀತಿಯಲ್ಲಿ ಬೇಡವೆಂದರು. ಆ ಒಂದು ವಿಶೇಷಣವನ್ನು ಬಿಟ್ಟು ಓದಿದ್ದರಿಂದ ಎಷ್ಟು ತಾಯಂದಿರ ಬಾಯಿ ಮುಚ್ಚಿಹೋಯಿತೋ!

ಎಲ್ಲ ಆಚಾರ್ಯರೂ ಒಂದೇ ದನಿಯಲ್ಲಿ ಮಾತಾಡಿದರೆಂದು ಹೇಳಲಾಗದು. ಕಾನ್‌ಸ್ಟಾಂಟಿನೋಪಲಿನ ಧರ್ಮಾಧ್ಯಕ್ಷರಾಗಿದ್ದ ಸಂತ ಜಾನ್ ಕ್ರಿಸೊಸ್ತೋಮರು ಕೂಲಿಗೆ ಅಳುವ ಹೆಂಗಸರನ್ನು ಕರೆಸುವ ಶ್ರೀಮಂತರನ್ನು ಕಟುವಾಗಿ ಖಂಡಿಸಿ, ಅಂಥವರನ್ನು ದೇವಾಲಯದಿಂದ ದೂರವಿಡುವುದಾಗಿ ಎಚ್ಚರಿಸಿದರು. ಹಣಕ್ಕೆ ಎದೆ ಬಡಿದುಕೊಳ್ಳುವ ಆಡಂಬರವನ್ನು ಅವರು ಸಹಿಸಲಾರದವರಾಗಿದ್ದರು. ಅದರ ಬದಲು ಕೀರ್ತನೆ ಇರಲಿ, ದೀಪ ಇರಲಿ ಎಂದರು. ಅವರ ಕೋಪ ನ್ಯಾಯವಾದುದೇ. ಆದರೆ ಬಾಡಿಗೆಯ ಕಣ್ಣೀರಿಗೆ ಬಿದ್ದ ಪೆಟ್ಟು ಕಾಲಕ್ರಮದಲ್ಲಿ ನಿಜವಾದ ಕಣ್ಣೀರಿಗೂ ತಗಲಿತೆಂದು ನಮ್ಮ ಅಭಿಪ್ರಾಯ. ಸಂತ ಜೆರೋಮರ ಕಥೆ ಇನ್ನೂ ವಿಚಿತ್ರ. 384ರಲ್ಲಿ ರೋಮ್ ನಗರದಲ್ಲಿ ಬ್ಲೆಸಿಲ್ಲಾ ಎಂಬ ಎಳೆಯ ವಿಧವೆ ತೀರಿಕೊಂಡಾಗ, ಅಂತ್ಯಯಾತ್ರೆಯಲ್ಲಿ ಮೂರ್ಛೆಹೋದ ತಾಯಿ ಸಂತ ಪೌಲಾಳನ್ನು ಅವರು ಪತ್ರದಲ್ಲಿ ಗದರಿದರು. ಅದೇ ಪತ್ರದಲ್ಲಿ, ತಾಯಿಯ ಅಳುವನ್ನು ತಡೆಯಹೊರಟ ತಾವೇ ಅಳುತ್ತಿರುವುದಾಗಿಯೂ, ಪತ್ರವೆಲ್ಲ ಕಣ್ಣೀರಿನಲ್ಲಿಯೇ ಬರೆದುದಾಗಿಯೂ ಒಪ್ಪಿಕೊಂಡರು. ಮಹಾ ಕೋಪಿಷ್ಠರೆಂದು ಹೆಸರಾದ ಆ ಸಂತರ ಬಗ್ಗೆ ನಮಗೆ ಪ್ರೀತಿ ಹುಟ್ಟಿದ್ದು ಈ ಪತ್ರದಿಂದ.

ಆದರೆ ಈ ಚರಿತ್ರೆಯಲ್ಲಿ ನಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸಿದವರು ಸಂತ ಅಗಸ್ಟೀನರೇ. 387ರಲ್ಲಿ, ಜ್ಞಾನಸ್ನಾನ ಪಡೆದ ಕೆಲವೇ ತಿಂಗಳುಗಳಲ್ಲಿ, ಆಫ್ರಿಕದ ಸ್ವದೇಶಕ್ಕೆ ಹಿಂದಿರುಗಲು ಹಡಗಿಗಾಗಿ ಕಾಯುತ್ತ ಅವರು ರೋಮಿನ ಬಂದರಾದ ಓಸ್ತಿಯಾದಲ್ಲಿದ್ದರು. ಅಲ್ಲಿ ತಾಯಿ ಮೋನಿಕಾ ಜ್ವರಪೀಡಿತಳಾಗಿ ಒಂಬತ್ತನೆಯ ದಿನ ತೀರಿಕೊಂಡಳು. ಆಕೆಗೆ 56ನೆಯ ವರ್ಷ, ಮಗನಿಗೆ 33ನೆಯದು. ಪರದೇಶದಲ್ಲಿ ಸಾಯುವಂತಾಯಿತಲ್ಲ ಎಂದು ಇನ್ನೊಬ್ಬ ಮಗನು ಮರುಗಿದಾಗ ಆಕೆ ಅವನನ್ನು ಆಕ್ಷೇಪಿಸಿ, ದೇಹವನ್ನು ಎಲ್ಲಿಯಾದರೂ ಹೂಳಿ, ಪ್ರಭುವಿನ ಬಲಿಪೀಠದ ಬಳಿ ನನ್ನನ್ನು ನೆನೆಯಿರಿ, ಅಷ್ಟು ಸಾಕೆಂದಿದ್ದಳು.

ಆಕೆಯ ಉಸಿರು ನಿಂತಾಗ ಅಗಸ್ಟೀನರ ಎಳೆಯ ಮಗ ಅದಿಯೊದಾತನು ಗಟ್ಟಿಯಾಗಿ ಅಳತೊಡಗಿದನು. ಎಲ್ಲರೂ ಸೇರಿ ಅವನನ್ನು ಸುಮ್ಮನಾಗಿಸಿದರು. ಇಷ್ಟು ಪುಣ್ಯವಂತೆಯ ಸಾವಿಗೆ ಗೋಳಾಟ ತಕ್ಕುದಲ್ಲವೆಂದು ಅವರ ಎಣಿಕೆ. ಸ್ನೇಹಿತ ಇವೋದಿಯನು ಕೀರ್ತನೆಯ ಪುಸ್ತಕವನ್ನು ತೆಗೆದು ಹಾಡಲಾರಂಭಿಸಿದನು, ಮನೆಯವರೆಲ್ಲ ದನಿಗೂಡಿಸಿದರು. ಇಲ್ಲಿಗೆ ಬಂದಾಗ ನಾವು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಕುಳಿತೆವು. ಆ ಹಳ್ಳಿಯ ಮನೆಯಲ್ಲಿ ನಾವು ಮಾಡಿದ್ದೂ ಇದನ್ನೇ.

ಮುಂದಿನದನ್ನು ಅಗಸ್ಟೀನರು ಏನೂ ಮುಚ್ಚಿಡದೆ ಬರೆದಿದ್ದಾರೆ. ಶವವನ್ನು ಹೊತ್ತುಕೊಂಡು ಹೋದಾಗಲೂ ಅಳಲಿಲ್ಲ. ಸಮಾಧಿಯ ಬಳಿಯಲ್ಲಿ ಬಲಿಪೂಜೆ ಅರ್ಪಿತವಾದಾಗಲೂ ಅಳಲಿಲ್ಲ. ಒಳಗಿನ ದುಃಖ ಮಾತ್ರ ಹೆಚ್ಚುತ್ತಲೇ ಇತ್ತು. ಅಳು ಬರುತ್ತಿದೆಯಲ್ಲ ಎಂಬುದೇ ಇನ್ನೊಂದು ದುಃಖವಾಯಿತು. ಸ್ನಾನವು ಮನಸ್ಸಿನ ಬೇಗುದಿಯನ್ನು ಕಳೆಯುವುದೆಂದು ಕೇಳಿದ್ದರಿಂದ ಸ್ನಾನಗೃಹಕ್ಕೆ ಹೋದರು, ಹೋದಂತೆಯೇ ಹಿಂದಿರುಗಿದರು. ರಾತ್ರಿ ನಿದ್ರೆ ಬಂದಿತು. ಎಚ್ಚರವಾದಾಗ, ಹಾಸಿಗೆಯಲ್ಲಿ ಒಂಟಿಯಾಗಿರುವಾಗ, ಮಿಲಾನಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರು ರಚಿಸಿದ ಸಂಜೆಯ ಗೀತವೊಂದರ ಸಾಲುಗಳು ನೆನಪಾದವು. ಆ ಗೀತವು ಸಾವನ್ನು ಕುರಿತದ್ದಲ್ಲ. ದಣಿದ ಮೈಗೆ ರಾತ್ರಿಯ ವಿಶ್ರಾಂತಿಯನ್ನು ಕೊಡುವ ದೇವರ ಸ್ತುತಿ. ಆದರೂ ಅದರೊಡನೆ ತಾಯಿಯ ನೆನಪು ಬಂದಿತು. ತಡೆಹಿಡಿದಿದ್ದ ಕಣ್ಣೀರು ಕಟ್ಟೆಯೊಡೆದು ಹರಿಯಿತು. ಹತ್ತು ವರ್ಷಗಳಾದ ಮೇಲೆ, ತಾವು ಧರ್ಮಾಧ್ಯಕ್ಷರಾಗಿದ್ದಾಗ, ತಮ್ಮ ಆತ್ಮಕಥೆಯಲ್ಲಿ ಇದನ್ನು ಬರೆದು, ತನಗಾಗಿ ಎಷ್ಟೋ ವರ್ಷ ಅತ್ತ ತಾಯಿಗಾಗಿ ಗಂಟೆಯ ಒಂದು ಚಿಕ್ಕ ಭಾಗದಷ್ಟು ಕಾಲ ಮಗನು ಅತ್ತುದನ್ನು ಪಾಪವೆನ್ನುವವರಿದ್ದರೆ, ಅವರು ನಗದೆ ತನಗಾಗಿ ಪ್ರಾರ್ಥಿಸಲಿ ಎಂದರು. ಅಂದು ಬಾಯಿ ಮುಚ್ಚಿಸಲ್ಪಟ್ಟ ಅದಿಯೊದಾತನು ಆ ಹೊತ್ತಿಗೆ ಬದುಕಿರಲಿಲ್ಲ.

ಮೋನಿಕಾಳ ಸಮಾಧಿಯ ಮೇಲೆ ರೋಮಿನ ಗಣ್ಯನಾದ ಬಾಸ್ಸಸ್ ಎಂಬವನು ಪದ್ಯರೂಪದ ಶಾಸನವೊಂದನ್ನು ಕೆತ್ತಿಸಿದ್ದನು. ಅದರ ಪಾಠ ಹಳೆಯ ಹಸ್ತಪ್ರತಿಗಳಲ್ಲಿ ಉಳಿದಿತ್ತು. ಕಲ್ಲು ಮಾತ್ರ ಕಾಣೆಯಾಗಿತ್ತು. 1945ರಲ್ಲಿ ಓಸ್ತಿಯಾದ ದೇವಾಲಯವೊಂದರ ಪಕ್ಕದ ಅಂಗಳದಲ್ಲಿ ಆಟಕ್ಕಾಗಿ ಕಂಬ ನೆಡಲು ಹುಡುಗರಿಬ್ಬರು ಗುಂಡಿ ತೋಡಿದಾಗ ಆ ಕಲ್ಲಿನ ಒಂದು ತುಂಡು ಸಿಕ್ಕಿತು.

ಮಧ್ಯಯುಗವನ್ನು ಬೇಗನೆ ದಾಟುತ್ತೇವೆ. ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಸಂತ ಒಡಿಲೋ ಅವರು 998ರ ಸುಮಾರಿಗೆ ತಮ್ಮ ಮಠಗಳಲ್ಲೆಲ್ಲ ನವೆಂಬರ್ 2ರಂದು ಸಕಲ ಮೃತರನ್ನು ಸ್ಮರಿಸಬೇಕೆಂದು ವಿಧಿಸಿದುದೇ ನಮ್ಮ ಇಂದಿನ ಆಚರಣೆಯ ಮೂಲ. ಮೊದಲನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಜನ ಮಡಿಯುತ್ತಿದ್ದಾಗ, 1915ರಲ್ಲಿ, ಪೋಪ್ ಹದಿನೈದನೆಯ ಬೆನೆಡಿಕ್ಟರು ಅಂದು ಪ್ರತಿಯೊಬ್ಬ ಗುರುವೂ ಮೂರು ಬಲಿಪೂಜೆಗಳನ್ನು ಅರ್ಪಿಸಬಹುದೆಂದು ಅನುಮತಿಯಿತ್ತರು. ಹದಿಮೂರನೆಯ ಶತಮಾನದ ‘ದಿಯೆಸ್ ಇರೇ’ ಎಂಬ ದೀರ್ಘ ಗೀತವನ್ನು ನಮ್ಮ ಹಿರಿಯರಲ್ಲಿ ಕೆಲವರು ಬಾಲ್ಯದಲ್ಲಿ ಕೇಳಿರಬೇಕು. ಕಪ್ಪು ಉಡುಪಿನ ಗುರುಗಳು, ಖಾಲಿ ಶವಪೆಟ್ಟಿಗೆಯ ಆಕಾರಕ್ಕೆ ಹೊದಿಸಿದ ಕಪ್ಪು ಬಟ್ಟೆ, ಸುತ್ತಲೂ ಮೇಣದಬತ್ತಿ. ಅದರ ಗಾಂಭೀರ್ಯವನ್ನು ಅಲ್ಲಗಳೆಯಲಾಗದು. ಆದರೆ ಆ ಗೀತದ ಬಹುಭಾಗ ಮೃತನನ್ನು ಕುರಿತದ್ದಲ್ಲ. ನ್ಯಾಯತೀರ್ಪಿನ ದಿನ ತನ್ನ ಗತಿಯೇನೆಂದು ಹಾಡುವವನು ತನಗಾಗಿ ಹೆದರುವ ಗೀತವದು. ಕೊನೆಯ ಕೆಲವು ಸಾಲುಗಳಲ್ಲಷ್ಟೇ ಮೃತರಿಗೆ ಶಾಂತಿಯ ಕೋರಿಕೆ. ಇದಕ್ಕೆ ಪ್ರತಿಯಾಗಿ, ಶಿಲುಬೆಯಡಿಯಲ್ಲಿ ನಿಂತ ವ್ಯಾಕುಲ ಮಾತೆಯನ್ನು ಕುರಿತ ‘ಸ್ತಾಬಾತ್ ಮಾತೆರ್’ ಗೀತವು ಅಳುವ ತಾಯಿಯನ್ನು ಸುಮ್ಮನಾಗಿಸುವುದಿಲ್ಲ. ನಿನ್ನ ಜೊತೆಯಲ್ಲಿ ನನಗೂ ಅಳಲು ಕಲಿಸೆಂದು ಬೇಡಿಕೊಳ್ಳುತ್ತದೆ. 1570ರ ಪೂಜಾಗ್ರಂಥದಲ್ಲಿ ಮೊದಲನೆಯದಕ್ಕೆ ಸ್ಥಾನ ಸಿಕ್ಕಿತು; ಎರಡನೆಯದು 1727ರವರೆಗೆ ಕಾಯಬೇಕಾಯಿತು.

ಇನ್ನು ಮಕ್ಕಳ ಸಾವಿನ ವಿಷಯ. ನಮ್ಮ ಮನಸ್ಸಿನಲ್ಲಿ ಮೊದಲಿನಿಂದಲೂ ಇದ್ದದ್ದು ಅದೇ. ಹಿಂದೆ ಹೇಳಿದ 1614ರ ಗ್ರಂಥದಲ್ಲಿ ವಿವೇಕದ ವಯಸ್ಸಿಗೆ ಬಾರದೆ ತೀರಿಕೊಂಡ, ಜ್ಞಾನಸ್ನಾನ ಪಡೆದ ಮಕ್ಕಳಿಗೆ ಪ್ರತ್ಯೇಕ ವಿಧಿಯಿತ್ತು. ಬಿಳಿಯ ಉಡುಪು, ತಲೆಗೆ ಹೂವಿನ ಕಿರೀಟ, ಸ್ತುತಿಯ ಕೀರ್ತನೆಗಳು. ಗಂಟೆ ಬಾರಿಸುವುದಾದರೆ ಶೋಕದ ಗಂಟೆಯಲ್ಲ, ಹಬ್ಬದ ಗಂಟೆ. ಪಾಪವರಿಯದ ಮಗು ನೇರವಾಗಿ ಸ್ವರ್ಗ ಸೇರಿತೆಂಬ ದೃಢವಾದ ವಿಶ್ವಾಸವೇ ಇದಕ್ಕೆ ಕಾರಣ. ವಿಶ್ವಾಸದಲ್ಲಿ ತಪ್ಪೇನೂ ಇಲ್ಲ. ಆದರೆ ಆ ಪ್ರಾರ್ಥನೆಗಳಲ್ಲಿ ಖಾಲಿ ತೊಟ್ಟಿಲಿನ ಮನೆಗೆ ಹಿಂದಿರುಗಬೇಕಾದ ತಾಯಿತಂದೆಯರ ಹೆಸರೆತ್ತಿದ್ದಿಲ್ಲ. ನಾವು ಆ ಹಳ್ಳಿಯಲ್ಲಿ ಹೇಳಿದ ದೇವದೂತನ ಮಾತು ಇಂಥ ನೂರಾರು ವರ್ಷಗಳ ಸಂಪ್ರದಾಯದಿಂದ ನಮ್ಮ ನಾಲಗೆಗೆ ಇಳಿದುಬಂದದ್ದು.

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪ್ರಕಟಿಸಿದ ದೈವಾರಾಧನೆಯ ಸಂವಿಧಾನದಲ್ಲಿ, ಅಂತ್ಯಸಂಸ್ಕಾರವು ಕ್ರೈಸ್ತ ಮರಣದ ಪಾಸ್ಕ ಸ್ವರೂಪವನ್ನು ಸ್ಪಷ್ಟವಾಗಿ ತೋರಬೇಕೆಂದೂ, ಆಯಾ ನಾಡಿನ ಪರಿಸ್ಥಿತಿ ಸಂಪ್ರದಾಯಗಳಿಗೆ ಹೊಂದಬೇಕೆಂದೂ, ಮಕ್ಕಳ ಅಂತ್ಯವಿಧಿಯನ್ನು ಪರಿಷ್ಕರಿಸಬೇಕೆಂದೂ ವಿಧಿಸಿತು. ಅದರಂತೆ 1969ರಲ್ಲಿ ಹೊಸ ವಿಧಿಗ್ರಂಥ ಬಂದಿತು. ‘ದಿಯೆಸ್ ಇರೇ’ ಅಂತ್ಯಬಲಿಪೂಜೆಯಿಂದ ಮರೆಯಾಯಿತು. ಅಲ್ಲೆಲೂಯ ಮರಳಿ ಬಂದಿತು. ಮಗುವಿನ ಅಂತ್ಯಸಂಸ್ಕಾರದಲ್ಲಿ ತಾಯಿತಂದೆಯರಿಗಾಗಿ ಪ್ರಾರ್ಥನೆಗಳು ಸೇರಿದವು. ಜ್ಞಾನಸ್ನಾನಕ್ಕೆ ಮೊದಲೇ ತೀರಿಕೊಂಡ ಕೂಸಿಗೂ ಧರ್ಮಾಧ್ಯಕ್ಷರ ಅನುಮತಿಯಿಂದ ಅಂತ್ಯವಿಧಿ ನಡೆಸುವ ಅವಕಾಶ ದೊರೆಯಿತು. ಅಂಥ ಕೂಸುಗಳ ರಕ್ಷಣೆಯ ನಿರೀಕ್ಷೆಗೆ ಗಂಭೀರವಾದ ಆಧಾರಗಳಿವೆಯೆಂದು ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು 2007ರಲ್ಲಿ ಹೇಳಿತು. ಆ ಸಮಾಧಾನ ನಮ್ಮ ಅಜ್ಜಿಯಂದಿರ ಕಾಲಕ್ಕೆ ಒದಗಿಬರಲಿಲ್ಲ.

ಹೀಗೆ ಪ್ರಾರ್ಥನೆ ಕನ್ನಡಕ್ಕೆ ಬಂದಿತು, ನಮಗೆ ಅರ್ಥವಾಗುವಂತಾಯಿತು. ಅದರ ಜೊತೆಗೆ ಒಂದು ನಷ್ಟವೂ ಆಯಿತೆಂದು ಹೇಳದಿರಲಾರೆವು. ಗುರುಗಳು ಲತೀನಿನಲ್ಲಿ ಪ್ರಾರ್ಥಿಸುತ್ತಿದ್ದ ಕಾಲದಲ್ಲಿ ಮನೆಯ ಅಳು ಮನೆಯ ಮಾತಿನಲ್ಲಿ ತನ್ನ ಪಾಡಿಗೆ ತಾನು ನಡೆದಿತ್ತು. ಈಗ ಶವಪೆಟ್ಟಿಗೆಯ ಬಳಿ ಧ್ವನಿವರ್ಧಕ ಇಟ್ಟು ಒಂದೇ ಸಮನೆ ಗೀತೆ ಹಾಡುತ್ತೇವೆ. ಅಳುವವರಿಗೆ ಎಡೆಯೇ ಇಲ್ಲ. ಪತ್ರಿಕೆಯಲ್ಲಿ ಭಾವಪೂರ್ಣ ಶ್ರದ್ಧಾಂಜಲಿ ಎಂಬ ಎರಡು ಪದ ಅಚ್ಚಾಗುತ್ತದೆ. ಎಲ್ಲ ಮೃತರಿಗೂ ಅದೇ ಎರಡು ಪದ. ಕನ್ನಡದಲ್ಲಿ ಶೋಕಕ್ಕೆ ಮಾತು ಕಡಮೆಯೇ? ಕಣ್ಣಿನಿಂದ ಹರಿಯುವುದು ಅಳು, ಒಳಗೆ ಬೇಯುವುದು ಅಳಲು, ಹೊರಗೆ ಕೂಗಾಗುವುದು ಗೋಳು, ಇನ್ನೊಬ್ಬರ ನೋವಿಗೆ ನಮ್ಮಲ್ಲಿ ಹುಟ್ಟುವುದು ಮರುಕ. ಶೋಕ, ಸಂತಾಪ ಎಂಬ ಸಂಸ್ಕೃತ ಪದಗಳ ಬೇರಿನಲ್ಲಿ ಬೆಂಕಿಯ ಉರಿಯಿದೆ. ಬೇಡನ ಬಾಣಕ್ಕೆ ಸಿಕ್ಕ ಕ್ರೌಂಚವನ್ನೂ ಅದರ ಜೊತೆಗಾತಿಯ ಕೂಗನ್ನೂ ಕೇಳಿ ವಾಲ್ಮೀಕಿಯ ಶೋಕವೇ ಶ್ಲೋಕವಾಯಿತೆಂದು ನಮ್ಮ ನಾಡು ಹೇಳಿಕೊಂಡು ಬಂದಿದೆ.

ಹೇಳಿಕೊಂಡು ಅಳುವುದನ್ನು ಬಲ್ಲ ಹೆಂಗಸರು ನಮ್ಮ ಧರ್ಮಕೇಂದ್ರದಲ್ಲಿ ಈಗ ಬೆರಳೆಣಿಕೆಯಷ್ಟು ಮಾತ್ರ ಉಳಿದಿದ್ದಾರೆ. ಈ ಸಂಚಿಕೆಗೆಂದು ಅವರ ಹಾಡುಗಳನ್ನು ಬರೆದುಕೊಳ್ಳಲು ಮನೆಮನೆಗೆ ಹೋದೆವು. ಒಬ್ಬರೂ ಹಾಡಲೊಪ್ಪಲಿಲ್ಲ. ಸಾವಿಲ್ಲದ ಮನೆಯಲ್ಲಿ ಆ ಸೊಲ್ಲು ಎತ್ತಬಾರದು, ಎತ್ತಿದರೆ ಸಾವನ್ನು ಕರೆದಂತೆ ಎಂದರು. ಕಾಫಿ ಕೊಟ್ಟು ಕಳುಹಿಸಿದರು. ಕೊನೆಗೆ ಒಬ್ಬ ಮುದುಕಿಯೇ ದಾರಿ ತೋರಿಸಿದಳು. “ನವೆಂಬರ್ ಎರಡಕ್ಕೆ ಸಮಾಧಿ ಹತ್ರ ಬನ್ನಿ ಉಪದೇಶಿಗಳೇ, ಅಲ್ಲಾದ್ರೆ ಹೇಳ್ತೀವಿ” ಎಂದಳು.

ಹೋದೆವು. ಗುರುಗಳು ತೀರ್ಥ ಚಿಮುಕಿಸಿ, ಪ್ರಾರ್ಥನೆ ಮುಗಿಸಿ, ಜನ ಚದುರಿದ ಮೇಲೆ, ಗೋಡೆಯ ಪಕ್ಕದ ಬೇವಿನ ಮರದ ಕೆಳಗೆ ಪುಸ್ತಕ ಬಿಚ್ಚಿಕೊಂಡು ಕುಳಿತೆವು. ಒಬ್ಬೊಬ್ಬರೂ ತಮ್ಮ ತಮ್ಮವರ ಮಣ್ಣಿನ ಬಳಿ ಕುಳಿತು ಹೇಳತೊಡಗಿದರು. ಮೂರನೆಯವಳು ಆ ತಾಯಿ. ತಲೆ ಪೂರ್ತಿ ನರೆತಿದೆ. ಸಣ್ಣದೊಂದು ದಿಬ್ಬದ ಮುಂದೆ ಕುಳಿತು, ಮೈಯನ್ನು ಹಿಂದುಮುಂದಾಗಿ ತೂಗುತ್ತ, ಸಂತೆಯಿಂದ ತಂದಿದ್ದ ಕೆಂಪು ಅಂಗಿಯಿಂದಲೇ ಆರಂಭಿಸಿದಳು. ನಾವು ಬರೆಯುತ್ತ ಹೋದೆವು, ಎರಡು ಪುಟಗಳಾದವು.